ಗ್ಯಾರೇಜ್ ಬಾಗಿಲು ತೂಗುವ ಮೊದಲು

ಪುಟ್ಟಿ,

ಗ್ಯಾರೇಜ್ ಬಾಗಿಲಿನ ಮುರಿದ ಸ್ಪ್ರಿಂಗಿಗೆ ಹೊಸದು ಆರ್ಡರ್ ಮಾಡಿಬಿಟ್ಟೆಯಾ? ಮಾಡಿಲ್ಲ ಅಂದರೆ ಇದನ್ನು ಪೂರ್ತಿ ಓದುವ ತನಕ ಮಾಡಬೇಡ. ಶನಿವಾರ ನಾನೇ ಸ್ಪ್ರಿಂಗ್ ಬಿಚ್ಚಿ ಬಾಗಿಲು ತೂಗುತ್ತೇನೆ ಅಂದೆಯಲ್ಲ, ಅದಕ್ಕೇ ಬರೆಯಲು ಕೂತೆ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಎರಡು ಹೇಳುತ್ತೀಯ. ನನ್ನ ದನಿ ಏರುತ್ತದೆ. ನಿಮ್ಮಮ್ಮ ಬಂದು ಮೊಬೈಲ್ ಕಸಿದುಕೊಳ್ಳುತ್ತಾಳೆ. ಭಾನುವಾರ ಏನೇನು ಮಾತಾಯಿತು ಅಂತ ಈಗ ಕೆದಕುವುದು ಬೇಡ. ನನ್ನದೇ ಸ್ವಲ್ಪ ಜಾಸ್ತಿಯಾಯಿತು ಅಂತ ನಿಮ್ಮಮ್ಮ ಹೇಳುತ್ತಾಳೆ. ಇರಬಹುದು.

ಆದರೆ "ಅಪ್ಪಾ, ನಿಂಗೆ ಗೊತ್ತಿರೋದು ಅಂಗಡಿ ಶಟರ್, ಇದು ಬೇರೆ" ಅಂದೆಯಲ್ಲ, ಅದಕ್ಕೆ ಉತ್ತರ ಕೊಡದೆ ಇರಲಾರೆ. ಬೇರೆ ಅನ್ನುವುದು ನಿಜ. ಶಟರ್ ಮೇಲಿನ ಪೈಪಿಗೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ನಿಮ್ಮದು ಹಲಗೆ ಹಲಗೆಗೆ ಕೀಲು ಹಾಕಿದ ಬಾಗಿಲು, ಹಳಿ ಹಿಡಿದು ಹತ್ತಿ ಸೂರಿನ ಕೆಳಗೆ ಹೋಗಿ ಮಲಗುತ್ತದೆ. ಆದರೆ ಎರಡರಲ್ಲೂ ಭಾರ ಎತ್ತುವುದು ನಮ್ಮ ಕೈಯೂ ಅಲ್ಲ, ಮೋಟಾರೂ ಅಲ್ಲ. ಸ್ಪ್ರಿಂಗ್. ಅದು ದಾವಣಗೆರೆಯಲ್ಲೂ ಸ್ಪ್ರಿಂಗೇ, ನಿಮ್ಮ ಅಮೆರಿಕದ ಕೊಲಂಬಸ್‌ನಲ್ಲೂ ಸ್ಪ್ರಿಂಗೇ.

ನಾನು ಅಲ್ಲಿಗೆ ಬಂದಿದ್ದಾಗ ಆ ಬಾಗಿಲನ್ನು ಟೇಪ್ ಹಿಡಿದು ಅಳೆದಿದ್ದೆ. ಅಳಿಯಂದಿರು ನಕ್ಕಿದ್ದರು. 16 ಅಡಿ ಅಗಲ, 7 ಅಡಿ ಎತ್ತರ, ಎರಡು ತಗಡಿನ ನಡುವೆ ಫೋಮ್. ಇಂಥ ಬಾಗಿಲು ಸಾಮಾನ್ಯವಾಗಿ 150ರಿಂದ 200 ಪೌಂಡ್ ತೂಗುತ್ತದೆ. ನಮ್ಮ ಲೆಕ್ಕದಲ್ಲಿ 68ರಿಂದ 91 ಕೆಜಿ. ಅದನ್ನು ನೀನು ಒಂದು ಬೆರಳಿನಲ್ಲಿ ಎತ್ತಿ ತೋರಿಸಿದ್ದೆ, ನೆನಪಿರಬೇಕು. ಆ ಬೆರಳಿನ ಬದಲು ದುಡಿದದ್ದು ಯಾರು ಅಂತ ಯೋಚನೆ ಮಾಡು.

ತೂಕ ನೋಡದೆ ಸ್ಪ್ರಿಂಗ್ ತರಿಸುವುದಿಲ್ಲ ಅಂದೆಯಲ್ಲ, ಅದು ಕೇಳಿ ಒಳಗೊಳಗೇ ಖುಷಿಯಾಯಿತು. ಫೋನಿನಲ್ಲಿ ಹೇಳಲಿಲ್ಲ ಅಷ್ಟೇ. ಹಳೇ ಸ್ಪ್ರಿಂಗಿನ ಅಳತೆ ತೆಗೆದು ಅದೇ ನಂಬರಿನದು ತರಿಸುವವರೇ ಜಾಸ್ತಿ. ಮೊದಲು ಹಾಕಿದ್ದೇ ತಪ್ಪು ಸ್ಪ್ರಿಂಗ್ ಆಗಿದ್ದರೆ? ಮನೆ ಕಟ್ಟಿದ ಮೇಲೆ ಯಾರೋ ಬಾಗಿಲಿಗೆ ಉದ್ದದ ಪಟ್ಟಿ ಬಿಗಿದು, ಗಾಜು ಕೂರಿಸಿ ಭಾರ ಹೆಚ್ಚಿಸಿದ್ದರೆ? ತೂಗಿ ನೋಡಬೇಕು ಅಂತ ನಿನಗೆ ಯಾರೂ ಹೇಳಿಕೊಡಲಿಲ್ಲ, ನಿನಗೇ ಹೊಳೆಯಿತು. ನಾಲ್ಕು ಜನರ ಹತ್ತಿರ ಈ ವಿಷಯ ಹೇಳಿಕೊಂಡೂ ಆಯಿತು.

ಈಗ ನೀನು ಕಳಿಸಿದ ಫೋಟೋ ತೆಗೆದು ಮತ್ತೆ ನೋಡು. ಬಾಗಿಲ ಮೇಲಿನ ಸರಳಿನಲ್ಲಿ ಎರಡು ಸ್ಪ್ರಿಂಗ್ ಇವೆ. ಎಡಗಡೆಯದು ನಡುವೆ ಕಡಿದು ಎರಡು ಬೆರಳು ಬಾಯಿ ಬಿಟ್ಟಿದೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಮುರಿದದ್ದರಿಂದ ಭಯವಿಲ್ಲ, ಅದರ ಕತೆ ಮುಗಿಯಿತು. ನನಗೆ ನಿದ್ದೆ ಬರದೆ ಇರುವುದು ಬಲಗಡೆಯದರಿಂದ. ಅದು ಇನ್ನೂ ಬಿಗಿಯಾಗಿಯೇ ಇದೆ. 7 ಅಡಿಯ ಬಾಗಿಲಿಗೆ ಸಾಮಾನ್ಯವಾಗಿ ಏಳೂವರೆ ಸುತ್ತು ಕೊಟ್ಟಿರುತ್ತಾರೆ. ಬಾಗಿಲು ಮುಚ್ಚಿ ನೆಲಕ್ಕೆ ಕೂತಿರುವಾಗಲೇ ಅದರ ಬಿಗಿ ಎಲ್ಲಕ್ಕಿಂತ ಜಾಸ್ತಿ.

ಹೀಗಿರುವಾಗ ಬಾಗಿಲ ಕೆಳಗೆ ತಕ್ಕಡಿ ಇಟ್ಟರೆ ಏನು ತೋರಿಸುತ್ತದೆ? ಅರ್ಧ ತೂಕ. ಉಳಿದರ್ಧವನ್ನು ಬಲಗಡೆಯ ಸ್ಪ್ರಿಂಗ್ ಹಿಡಿದಿರುತ್ತದೆ. 160 ಪೌಂಡಿನ ಬಾಗಿಲು 80 ತೋರಿಸುತ್ತದೆ. ನೀನು 80ಕ್ಕೆ ಸ್ಪ್ರಿಂಗ್ ತರಿಸುತ್ತೀಯ. ಎತ್ತಿದ ಬಾಗಿಲು ದಬಕ್ಕನೆ ಬೀಳುತ್ತದೆ. ಆದ್ದರಿಂದ ತೂಗುವ ಮೊದಲು ಆ ಬಲಗಡೆಯ ಸುತ್ತು ಪೂರ್ತಿ ಬಿಚ್ಚಬೇಕು. ಅದನ್ನು ಯಾರು ಬಿಚ್ಚಬೇಕು, ನಮ್ಮ ಜಗಳ ಇರುವುದು ಇದೊಂದರ ಮೇಲೇ. ತೂಗುವುದರ ಮೇಲೆ ಅಲ್ಲ.

ಮಂಡಿಪೇಟೆಯ ಬಟ್ಟೆ ಅಂಗಡಿ ವಿಷಯ ನಿನಗೆ ಗೊತ್ತು. ನೀನು ಚಿಕ್ಕವಳಿದ್ದೆ. ಗೊತ್ತಿರುವುದು ಮನೆಯಲ್ಲಿ ಹೇಳಿದಷ್ಟು ಮಾತ್ರ. ಶಟರ್ ಕೆಲಸಕ್ಕೆ ನನ್ನ ಜೊತೆ ಬಂದಿದ್ದ ಹುಡುಗ ಅಜಾಗರೂಕನಾಗಿದ್ದ ಅಂತ ಅಂಗಡಿಯವರು ಹೇಳಿದರು. ಅದು ಸುಳ್ಳು. ನನ್ನ ಹತ್ತಿರ ಕೆಲಸ ಕಲಿತವರಲ್ಲಿ ಅವನಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ಪೈಪಿಗೆ ಪಾನಾ ಹಾಕಿ ಸುತ್ತು ಕೊಡುತ್ತಿದ್ದ. ಬ್ರಾಕೆಟ್ಟಿನಲ್ಲಿ ಬೋಲ್ಟ್ ಕೂರಿಸುವುದು ಬಾಕಿ. "ಹಿಡ್ಕೊಂಡೀನಣ್ಣ" ಅಂದ. ನಿಜಕ್ಕೂ ಹಿಡಿದಿದ್ದ. ಆಮೇಲೆ ಪಾನಾ ಹಲ್ಲು ಜಾರಿತು. ಅದರ ಹಿಡಿ ತಿರುಗಿ ಬಂದದ್ದನ್ನು ನಾನು ಕಾಣಲೇ ಇಲ್ಲ. ಕಾಣುವಷ್ಟು ಹೊತ್ತು ಇರಲಿಲ್ಲ. ಫ್ಯಾನಿನ ರೆಕ್ಕೆ ಮರದ ಬೆಂಚಿಗೆ ಬಡಿದಂತೆ ಒಂದು ಸದ್ದಾಯಿತು. ಅವನ ಬಲಗೈ ಮೊಣಕೈ ಕೆಳಗೆ ಎರಡು ಕಡೆ ಮುರಿದಿತ್ತು. ಗೋಡೆಯ ಗಾರೆ ಅಂಗೈ ಅಗಲ ಎದ್ದಿತ್ತು. ಆಮೇಲೆ ಎಷ್ಟೋ ಸಲ ಆ ಅಂಗಡಿಗೆ ಹೋಗಿದ್ದೇನೆ. ಬಣ್ಣ ಹೊಡೆಸಿದ್ದಾರೆ. ಆದರೂ ಆ ಜಾಗ ನನಗೆ ಗೊತ್ತು.

ಇರಲಿ, ವಿಷಯಕ್ಕೆ ಬರುತ್ತೇನೆ.

ನಿಮ್ಮ ಕಡೆಯ ಬಾಗಿಲಿಗೆ ಪಾನಾ ಹಾಕುವುದಿಲ್ಲ. ಸ್ಪ್ರಿಂಗಿನ ತುದಿಯಲ್ಲಿ ಕೋನ್ ಅನ್ನುವ ಲೋಹದ ತುಂಡು ಇದೆ, ಅದರಲ್ಲಿ ತೂತುಗಳು. ಆ ತೂತಿಗೆ ಸರಿಯಾಗಿ ಕೂರುವ ಗಟ್ಟಿ ಉಕ್ಕಿನ ಸರಳು ಎರಡು ಬೇಕು. ಮನೆ ಬಾಗಿಲುಗಳಿಗೆ ಹೆಚ್ಚಾಗಿ ಅರ್ಧ ಇಂಚು ದಪ್ಪದ್ದು, 18 ಇಂಚು ಉದ್ದದ್ದು. ಒಂದು ಸರಳು ಭಾರ ಹಿಡಿದಿರಬೇಕು, ಇನ್ನೊಂದನ್ನು ಮುಂದಿನ ತೂತಿಗೆ ಹಾಕಬೇಕು. ಹೀಗೆ ಕಾಲು ಸುತ್ತು, ಕಾಲು ಸುತ್ತು ಬಿಚ್ಚುತ್ತಾ ಬರಬೇಕು. ಸರಳು ತೂತಿನಲ್ಲಿ ತಳ ಮುಟ್ಟಿ, ಕೈ ಭಾರ ಹಿಡಿದ ಮೇಲೆಯೇ ಕೋನಿನ ಸ್ಕ್ರೂ ಸಡಿಲಿಸಬೇಕು. ಸರಳಿನ ದಾರಿಯಲ್ಲಿ ಮುಖ ಇರಬಾರದು. ಸ್ಕ್ರೂಡ್ರೈವರ್ ಹಾಕಿ ಬಿಚ್ಚುವವರ ವಿಡಿಯೋ ನೋಡಿದ್ದೀಯಂತೆ. ಅವರಿಗೆ ಏನೂ ಆಗಲಿಲ್ಲ, ಅದಕ್ಕೇ ಆ ವಿಡಿಯೋ ಇದೆ.

ಇನ್ನೊಂದು ಲೆಕ್ಕ ಹಾಕಿದೆ. ನೀನೂ ಹಾಕಿ ನೋಡು, ಇಂಜಿನಿಯರ್ ನೀನು. ಬಾಗಿಲು 160 ಪೌಂಡ್, ಬಾಗಿಲು ಎತ್ತುವ ಕೇಬಲ್ ಸುತ್ತಿಕೊಳ್ಳುವ ಡ್ರಮ್ 4 ಇಂಚು ಅಗಲದ್ದು ಅಂತ ಇಟ್ಟುಕೊ. ಉದ್ದ ಸರಳಿನ ತುದಿ ಹಿಡಿದವನ ಕೈಗೆ ಒಂದು ಸ್ಪ್ರಿಂಗ್ ಬರೀ ನಾಲ್ಕೈದು ಕೆಜಿ ಭಾರ ಅನಿಸುತ್ತದೆ. ಅಷ್ಟೇ. ಅಂಗಡಿಯಿಂದ ಐದು ಕೆಜಿ ಅಕ್ಕಿ ತಂದಷ್ಟು. ಮೋಸ ಇರುವುದು ಅಲ್ಲೇ. ಕೈಗೆ ಹಗುರ ಅನಿಸಿದಾಗ ಮನಸ್ಸು ಬೇರೆ ಕಡೆ ಹೋಗುತ್ತದೆ. ಬಿಟ್ಟರೆ ಏಳೂವರೆ ಸುತ್ತಿನ ಶಕ್ತಿಯೂ ಒಟ್ಟಿಗೇ ಬರುತ್ತದೆ. ಆ ಹುಡುಗನಿಗೂ ಹಗುರ ಅನಿಸಿರಬೇಕು. ಚಹಾ ಬಂತು ಅಂತ ನೋಡಿದನೋ ಏನೋ. ಆಮೇಲೆ ನಾನು ಅವನನ್ನು ಅದನ್ನು ಕೇಳಿಲ್ಲ. ಈಗ ಬಸ್ ಸ್ಟ್ಯಾಂಡ್ ಹತ್ತಿರ ಅವನದೇ ಚಹಾದಂಗಡಿ ಇದೆ, ಕೆಟಲ್ಲನ್ನು ಎಡಗೈಯಲ್ಲಿ ಎತ್ತುತ್ತಾನೆ. ಕಾಸು ತಗೊಳ್ಳುವುದಿಲ್ಲ. ಅದಕ್ಕೇ ನಾನು ಅಲ್ಲಿಗೆ ಹೋಗುವುದು ಕಡಿಮೆ.

ನಿನಗೆ ಕೆಲಸ ಬರುವುದಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಫೋನಿನಲ್ಲಿ ಹಾಗೆ ಕೇಳಿಸಿದ್ದರೆ ಬೇಜಾರು ಮಾಡ್ಕೋಬೇಡ. ಕೆಲಸ ಬರುವವರ ಕೈಯೇ ನನಗೆ ಭಯ. ಬಾರದವರು ಮುಟ್ಟುವುದೇ ಇಲ್ಲ.

ಹಾಗಾಗಿ ಒಂದು ಒಪ್ಪಂದ ಮಾಡಿಕೊಳ್ಳೋಣ. ಸುತ್ತು ಬಿಚ್ಚುವುದಕ್ಕೆ ಬಾಗಿಲು ರಿಪೇರಿಯವನನ್ನು ಕರೆಸು. ತೂಕ ನೀನೇ ನೋಡು. ಅವನು ಎದುರಿಗಿರುವಾಗಲೇ ನೋಡು, ಎತ್ತುವುದಕ್ಕೆ ಇನ್ನೊಬ್ಬರು ಬೇಕೇ ಬೇಕು. ಸುತ್ತು ಬಿಚ್ಚಿದ ಮೇಲೆ ಪೂರ್ತಿ ಭಾರ ನಿಮ್ಮ ಕೈಗೇ ಬರುತ್ತದೆ. ಅಳಿಯಂದಿರು ಬರುವ ತನಕ ಕಾಯುವುದಾದರೆ ಇನ್ನೂ ಒಳ್ಳೆಯದು.

ತೂಗುವಾಗ ಮೋಟಾರಿನ ಪ್ಲಗ್ ಕಿತ್ತಿರಬೇಕು. ಮೋಟಾರಿನಿಂದ ಬಾಗಿಲು ಬಿಡಿಸುವ ಕೆಂಪು ಹಗ್ಗ ಇದೆಯಲ್ಲ, ಬಾಗಿಲು ಪೂರ್ತಿ ಕೆಳಗಿರುವಾಗ ಮಾತ್ರ ಎಳೆ. ಸ್ಪ್ರಿಂಗ್ ಮುರಿದ ಬಾಗಿಲು ಮೇಲಿರುವಾಗ ಅದನ್ನು ಎಳೆದರೆ ಬಾಗಿಲು ತಲೆ ಮೇಲೆ. ರಿಪೇರಿಯವನು ಸುತ್ತು ಬಿಚ್ಚುವಾಗ ಬಾಗಿಲು ಮೇಲಕ್ಕೆ ಚಿಮ್ಮದಿರಲಿ ಅಂತ ಹಳಿಗೆ ಕ್ಲಾಂಪ್ ಹಾಕಿರುತ್ತಾನೆ. ಎತ್ತುವ ಮೊದಲು ಅದನ್ನು ತೆಗೆಸು.

ತಕ್ಕಡಿ ಮುಳ್ಳಿನದೇ ಆಗಲಿ, ಬಾತ್‌ರೂಮಿನಲ್ಲಿ ಇಡುವ ಹಳೇ ಕಾಲದ್ದು. ಬ್ಯಾಟರಿಯದು ನಡುವೆ ಆಫ್ ಆಗುತ್ತದೆ, ಇಲ್ಲವೇ ಹಳೇ ಅಂಕಿಯನ್ನೇ ಹಿಡಿದು ಕೂರುತ್ತದೆ. ಎರಡು ಸಿಕ್ಕರೆ ಎರಡು ಬದಿಗೂ ಇಟ್ಟು ಕೂಡಿಸು. ಒಂದೇ ಇದ್ದರೆ ಸರಿಯಾಗಿ ನಡುವೆ. ಅದರ ಮೇಲೊಂದು ಮರದ ತುಂಡು ಇಡು, ಆ ತುಂಡಿನ ತೂಕ ಆಮೇಲೆ ಕಳೆ. ಬಾಗಿಲನ್ನು ಅರ್ಧ ಅಡಿಗಿಂತ ಜಾಸ್ತಿ ಎತ್ತಬೇಡ. ಜಾಸ್ತಿ ಎತ್ತಿದರೆ ಮೇಲಿನ ಹಲಗೆ ತಿರುವಿಗೆ ಹೋಗಿ ಹಳಿಯ ಮೇಲೆ ಭಾರ ಹಾಕುತ್ತದೆ, ಅಂಕಿ ಕಡಿಮೆ ಬರುತ್ತದೆ. ಎತ್ತಿದ ಕೂಡಲೇ ಎರಡೂ ಬದಿಗೆ ಮರದ ದಿಮ್ಮಿ ತಳ್ಳು, ತಕ್ಕಡಿಗಿಂತ ಒಂದು ಇಂಚು ತಗ್ಗಿರಲಿ. ತಕ್ಕಡಿ ಜಾರಿದರೂ ಬಾಗಿಲು ದಿಮ್ಮಿ ಮೇಲೆ ಕೂರುತ್ತದೆ, ಕಾಲಿನ ಮೇಲಲ್ಲ. ಹಲಗೆಗಳ ಸಂದಿಯಲ್ಲಿ ಬೆರಳು ಬೇಡ, ಹಿಡಿ ಹಿಡಿದೇ ಎತ್ತು. ಕೆಳಗಿನ ರಬ್ಬರ್ ಪಟ್ಟಿ ನೆಲಕ್ಕೆ ಹೆಪ್ಪುಗಟ್ಟಿದ್ದರೆ ಅವತ್ತು ಬಿಡು. ಮೂಲೆಯಲ್ಲಿ ಕೇಬಲ್ ಸಿಕ್ಕಿಸಿದ ಬ್ರಾಕೆಟ್ಟಿನ ಸ್ಕ್ರೂ ಮಾತ್ರ ಮುಟ್ಟಬೇಡ, ಆ ಕೇಬಲ್ ಮೇಲಿನ ಸ್ಪ್ರಿಂಗಿಗೇ ಕಟ್ಟಿದ್ದು.

ಬರೆಯುತ್ತಾ ಹೋದರೆ ಮೇಷ್ಟ್ರ ಪಾಠ ಆಗುತ್ತದೆ. ಗೊತ್ತು. ಪಾಪು ಒಳಗಿರಲಿ. ಗ್ಯಾರೇಜಿನಲ್ಲಿ ಅಲ್ಲ, ಮನೆಯೊಳಗೆ. ನಡುಬಾಗಿಲಿಗೆ ಚಿಲಕ ಹಾಕಿ.

ಹಣದ ಮಾತು. ರಿಪೇರಿಯವರು ಕೇಳಿದ್ದು ಜಾಸ್ತಿ ಅಂತ ನಿನಗೆ ಸಿಟ್ಟು ಬಂದಿದೆ. ನಾನೂ ಅದೇ ಕಸುಬಿನವನು, ಹಳ್ಳಿಯಿಂದ ಬಂದವರಿಗೆ ಒಂದು ರೇಟು, ಪೇಟೆಯವರಿಗೆ ಒಂದು ರೇಟು ಹೇಳುವವರನ್ನು ಕಂಡಿದ್ದೇನೆ. ಇನ್ನೂ ಇಬ್ಬರ ಹತ್ತಿರ ಕೇಳು. ತೂಕ ನಿನ್ನ ಕೈಯಲ್ಲಿದ್ದರೆ ಅವರು ಬಾಯಿಗೆ ಬಂದದ್ದು ಹೇಳಲಾರರು. ಬಿಲ್ಲಿನಲ್ಲಿ ಬಾಗಿಲಿನ ತೂಕ, ಸ್ಪ್ರಿಂಗಿನ ತಂತಿ ದಪ್ಪ, ಉದ್ದ ಬರೆಸಿಕೋ. ಎರಡೂ ಸ್ಪ್ರಿಂಗ್ ಬದಲಾಯಿಸು. ಸಾಧಾರಣ ಸ್ಪ್ರಿಂಗಿಗೆ 10,000 ಸಲ ಏರಿಳಿಯುವ ಆಯಸ್ಸು ಅಂತ ಲೆಕ್ಕ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷವೂ ತುಂಬುವುದಿಲ್ಲ. ಬಲಗಡೆಯದೂ ಅಷ್ಟೇ ಸಲ ದುಡಿದಿದೆ. 20,000ದ್ದು ಸಿಗುತ್ತದೆ, ಸ್ವಲ್ಪ ಹೆಚ್ಚಿಗೆ ಕೊಟ್ಟರೂ ಪರವಾಗಿಲ್ಲ. ದುಡ್ಡು ನಾನು ಕಳಿಸುತ್ತೇನೆ ಅಂದರೆ ನಗುತ್ತೀಯ. ನಗು. ಆದರೂ ಹೇಳಿದ್ದೇನೆ.

ಹೊಸದು ಕೂರಿಸಿದ ಮೇಲೆ ಮೋಟಾರಿಗೆ ಸಿಕ್ಕಿಸುವ ಮೊದಲು ಬಾಗಿಲನ್ನು ಕೈಯಲ್ಲೇ ಅರ್ಧಕ್ಕೆ ಎತ್ತಿ, ಕೈ ಬಿಟ್ಟು ನೋಡು. ಅಲ್ಲೇ ನಿಲ್ಲಬೇಕು. ಇಳಿದರೂ ಏರಿದರೂ ದುಡ್ಡು ಕೊಡಬೇಡ.

ಅಲ್ಲಿಯ ತನಕ ಕಾರು ಒಳಗೇ ಇರಲಿ. ಆಫೀಸಿಗೆ ಟ್ಯಾಕ್ಸಿ ಮಾಡಿಕೋ, ಇಲ್ಲ ಮನೆಯಿಂದಲೇ ಕೆಲಸ ಮಾಡು. ಒಂದೇ ಒಂದು ಸಲ ಅಂತ ಬಟನ್ ಒತ್ತಬೇಡ. ಆ ಮೋಟಾರ್ ಇರುವುದು ಸ್ಪ್ರಿಂಗ್ ಭಾರ ಹಿಡಿದ ಬಾಗಿಲನ್ನು ಎಳೆಯುವುದಕ್ಕೆ, 160 ಪೌಂಡ್ ಹೊರುವುದಕ್ಕಲ್ಲ. ಹಲ್ಲಿನ ಚಕ್ರ ಸವೆದರೆ ಅದೂ ಹೊಸದು ಬೇಕಾಗುತ್ತದೆ, ಆಗ ಇನ್ನೊಂದು ಸಲ ಫೋನಿನಲ್ಲಿ ಜಗಳ.

ಅಂಕಿ ಬಂದ ಕೂಡಲೇ ಮುಳ್ಳು ಕಾಣುವ ಹಾಗೆ ಫೋಟೋ ಕಳಿಸು. ಇಲ್ಲಿ ನಡುರಾತ್ರಿ ಆಗಿದ್ದರೂ ಕಳಿಸು. ನೂರು ಪೌಂಡಿಗಿಂತ ಕಡಿಮೆ ಬಂದರೆ ಎಲ್ಲೋ ಏನೋ ಇನ್ನೂ ಭಾರ ಹಿಡಿದಿದೆ ಅಂತ ತಿಳಿದುಕೊಂಡು ಅಲ್ಲಿಗೇ ನಿಲ್ಲಿಸು.

ನಿನ್ನ
ಅಪ್ಪ