ಉಗಾಂಡಕ್ಕೆ ಹೊರಟ ಮಗಳಿಗೊಂದು ಪತ್ರ

ಮಂಡ್ಯ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ದಿನವೂ ಫೋನಿನಲ್ಲಿ ಮಾತನಾಡುತ್ತಿರುವಾಗ ಪತ್ರವೇಕೆ ಎಂದು ನೀನು ಕೇಳಬಹುದು. ಕಬ್ಬಿನ ಅಧ್ಯಯನಕ್ಕಾಗಿ ಸೆಪ್ಟೆಂಬರ್ ಮೊದಲ ವಾರ ಉಗಾಂಡಕ್ಕೆ ಹೋಗಿ, ಜಿಂಜಾ ಪಟ್ಟಣದ ಸುತ್ತಲಿನ ತೋಟಗಳಲ್ಲಿ ಮೂರು ತಿಂಗಳು ಇರಬೇಕೆಂದು ನೀನು ಹೇಳಿದ ರಾತ್ರಿಯಿಂದ ನನಗೆ ಒಂದೊಂದೇ ವಿಷಯ ನೆನಪಾಗುತ್ತಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮರೆತುಹೋಗುತ್ತದೆ, ಮಿಕ್ಕರ್ಧವನ್ನು ನೀನು “ಆಯ್ತಪ್ಪ, ಆಯ್ತಪ್ಪ” ಎಂದು ಮುಗಿಸಿಬಿಡುತ್ತೀಯೆ. ಮೂವತ್ತೆರಡು ವರ್ಷ ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆಗೆ ರಕ್ತಲೇಪನ ತೆಗೆದವನು ನಾನು. ಆದ್ದರಿಂದ ನಾನು ಹೇಳುವುದರಲ್ಲಿ ಸೂಟ್‌ಕೇಸಿನ ಮಾತು ಕಡಿಮೆ, ಜ್ವರದ ಮಾತು ಹೆಚ್ಚು. ಈ ಕಾಗದವನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊ.

ನೀನು ಹೊರಡಲು ಇನ್ನು ಆರು ವಾರಗಳಿವೆ. ಮೊದಲು ಮುಗಿಸಬೇಕಾದದ್ದು ಹಳದಿ ಜ್ವರದ ಲಸಿಕೆ. ಅದನ್ನು ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ. ಕೇಂದ್ರ ಸರ್ಕಾರ ಗುರುತಿಸಿರುವ ಕೇಂದ್ರಗಳಲ್ಲಿ ಮಾತ್ರ ಹಾಕಿ, ಹಳದಿ ಬಣ್ಣದ ಚಿಕ್ಕ ಪುಸ್ತಕದಲ್ಲಿ ಮೊಹರು ಒತ್ತಿ ಕೊಡುತ್ತಾರೆ. ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾಗುವುದರಿಂದ ಜನರನ್ನು ಒಟ್ಟುಗೂಡಿಸಿಕೊಂಡು ಹಾಕುವುದು ರೂಢಿ. ಹಾಗಾಗಿ ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳದೆ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. ಹಿಂದೆ ಅದನ್ನು 10 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿತ್ತು. 2016ರ ಜುಲೈಯಿಂದ ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಪುಸ್ತಕದಲ್ಲಿ ಬರೆದ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ ಇವುಗಳನ್ನು ಅಲ್ಲಿಯೇ ನಿಂತು ಒಂದೊಂದೇ ಅಕ್ಷರ ಹೋಲಿಸಿ ನೋಡು. ಮೊಟ್ಟೆ ತಿಂದರೆ ಮೈಮೇಲೆ ದದ್ದು ಏಳುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ನಿನಗೆ ಆ ತೊಂದರೆಯಿಲ್ಲ.

ಈ ಪುಸ್ತಕ ಹೋಗುವಾಗಲೂ ಬೇಕು, ಬರುವಾಗಲೂ ಬೇಕು. ಅದಿಲ್ಲದೆ ಅಲ್ಲಿಂದ ಇಲ್ಲಿಗೆ ಬಂದು ಇಳಿದವರನ್ನು ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಇಷ್ಟು ಬಿಗಿ ಏಕೆಂದರೆ, ನಮ್ಮಲ್ಲಿ ಡೆಂಗಿ ಹರಡುವ, ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಹಗಲು ಸೊಳ್ಳೆ ಇದೆಯಲ್ಲ, ಹಳದಿ ಜ್ವರವನ್ನು ಹರಡಬಲ್ಲ ಸೊಳ್ಳೆಯೂ ಅದೇ. ಸೊಳ್ಳೆ ನಮ್ಮ ಮನೆಯ ಡ್ರಮ್ಮಿನಲ್ಲೇ ಇದೆ, ಆ ರೋಗ ಮಾತ್ರ ಈ ದೇಶಕ್ಕೆ ಇನ್ನೂ ಬಂದಿಲ್ಲ. ಅದು ಬಾರದಿರಲೆಂದೇ ಈ ಕಾವಲು. ಟೈಫಾಯಿಡ್, ಹೆಪಟೈಟಿಸ್ ಎ, ಧನುರ್ವಾಯು ಇವುಗಳ ಲಸಿಕೆಗಳಲ್ಲಿ ಯಾವುದು ಬಾಕಿಯಿದೆ ಎಂಬುದನ್ನೂ ಅದೇ ವೈದ್ಯರಲ್ಲಿ ವಿಚಾರಿಸು.

ಇನ್ನು ಮಲೇರಿಯಾ. ನಾಲೆಯ ನೀರು ಬಂದ ಮೊದಲ ವರ್ಷಗಳಲ್ಲಿ ಊರಿಗೆ ಊರೇ ಚಳಿಜ್ವರದಲ್ಲಿ ಮಲಗಿತ್ತೆಂದು, ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿದ್ದರೂ ಕೊಯ್ಯುವ ಕೈಗಳಿರಲಿಲ್ಲವೆಂದು ನಿನ್ನ ಮುತ್ತಜ್ಜಿ ಹೇಳುತ್ತಿದ್ದರು. ಆ ಕಾಲ ಹೋಯಿತು. ಮಂಡ್ಯದಲ್ಲಿ ಬೆಳೆದ ನೀನು ಮಲೇರಿಯಾದ ಮುಖವನ್ನೇ ನೋಡಿಲ್ಲ. ಅದೇ ನನ್ನ ಚಿಂತೆ. ಸೊಳ್ಳೆ ಕಚ್ಚಿದರೆ ಕೆರೆದುಕೊಂಡು ಸುಮ್ಮನಾಗುವುದು ನಿನ್ನ ಅಭ್ಯಾಸ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳಲ್ಲಿ ನಮ್ಮ ನಾಲೆ ಬಯಲಿನದಕ್ಕೆ ಮನುಷ್ಯರಿಗಿಂತ ದನಗಳ ರಕ್ತ ಇಷ್ಟ. ಕೊಟ್ಟಿಗೆಯ ಹಸುಗಳು ನಮ್ಮ ಪಾಲಿನ ಕಡಿತವನ್ನು ಎಷ್ಟೋ ಹೊತ್ತುಕೊಂಡಿವೆ. ಉಗಾಂಡದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಮನುಷ್ಯರನ್ನೇ ಹುಡುಕಿಕೊಂಡು ಬರುತ್ತದೆ. ಎಲ್ಲರೂ ಮಲಗಿದ ಮೇಲೆ, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಮನೆಯೊಳಗೇ ಬಂದು ಕಚ್ಚುವುದು ಅದರ ಸ್ವಭಾವ. ಅದು ತರುವ ಮಲೇರಿಯಾವೂ ಬಹುಪಾಲು ಫಾಲ್ಸಿಪಾರಂ ಜಾತಿಯದು, ಪ್ರಾಣಕ್ಕೆ ಅಪಾಯ ತರುವಂಥದು.

ಆದ್ದರಿಂದ ಔಷಧ ಲೇಪಿಸಿದ ಸೊಳ್ಳೆಪರದೆಯನ್ನು ಇಲ್ಲಿಂದಲೇ ಕೊಂಡುಹೋಗು. ಪರದೆ ಕಟ್ಟುವುದು ಎಲ್ಲರಿಗೂ ಗೊತ್ತೆಂದು ತಿಳಿಯಬೇಡ. ಸರ್ಕಾರದಿಂದ ಪರದೆ ಹಂಚಿದ ಮನೆಗಳಿಗೆ ತಿಂಗಳ ನಂತರ ಹೋದಾಗ ಅರ್ಧಕ್ಕರ್ಧ ಮನೆಗಳಲ್ಲಿ ಅದರ ಅಂಚು ನೆಲಕ್ಕೆ ಜೋತಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕತ್ತಲಾಗುವ ಮೊದಲೇ ಪರದೆ ಇಳಿಸಿ, ನಾಲ್ಕೂ ಬದಿಯ ಅಂಚನ್ನು ಹಾಸಿಗೆಯಡಿಗೆ ಒಂದು ಗೇಣಿನಷ್ಟು ಒಳಗೆ ಸೇರಿಸಿ, ಒಳಗೆ ಹೋದ ಮೇಲೆ ಮೊಬೈಲ್ ಬೆಳಕಿನಲ್ಲಿ ಮೂಲೆಗಳನ್ನೊಮ್ಮೆ ನೋಡಬೇಕು. ಬಾಲವನ್ನು ಮೇಲೆತ್ತಿ, ಮುಳ್ಳು ನೆಟ್ಟ ಹಾಗೆ ಓರೆಯಾಗಿ ಕುಳಿತಿರುವ ಸೊಳ್ಳೆ ಕಂಡರೆ ಅದು ಅನಾಫಿಲಿಸ್. ನಿದ್ದೆಯಲ್ಲಿ ಮೊಣಕೈಯನ್ನು ಪರದೆಗೆ ಒತ್ತಿ ಮಲಗುವ ನಿನ್ನ ಅಭ್ಯಾಸವನ್ನು ಅಮ್ಮ ಜ್ಞಾಪಿಸಿದಳು. ಹೊರಗೆ ಕುಳಿತ ಸೊಳ್ಳೆಗೆ ಅಷ್ಟೇ ಸಾಕು, ಪರದೆಯನ್ನು ಅಗಲವಾಗಿ ಕಟ್ಟು. ಸಂಜೆಯ ಹೊತ್ತು ಹಚ್ಚಿಕೊಳ್ಳುವ ಮುಲಾಮಿನ ಡಬ್ಬಿಯ ಮೇಲೆ ಡೀಟ್ ಎಂಬ ಔಷಧದ ಅಂಶ ಶೇ. 20ರಿಂದ 30ರಷ್ಟಿದೆಯೇ ಎಂದು ಓದಿ ಕೊಂಡುಕೊ. ಬಿಸಿಲಿನ ಕ್ರೀಮನ್ನೂ ಹಚ್ಚುವುದಿದ್ದರೆ ಅದು ಮೊದಲು, ಸೊಳ್ಳೆಯ ಮುಲಾಮು ಅದರ ಮೇಲೆ.

ಪರದೆಯ ಜೊತೆಗೆ ಮಲೇರಿಯಾ ಬಾರದಂತೆ ತಡೆಮಾತ್ರೆಯೂ ಬೇಕೇ ಬೇಕು. ನಾವು ಚೀಲದಲ್ಲಿಟ್ಟುಕೊಂಡು ಊರೂರಿಗೆ ಹಂಚಿದ ಕ್ಲೋರೋಕ್ವಿನ್ ಅಲ್ಲಿಯ ಫಾಲ್ಸಿಪಾರಂ ಎದುರು ನಿಲ್ಲುವುದಿಲ್ಲ. ಯಾವ ಮಾತ್ರೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ಅದು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುವುದರಿಂದ ಹೊಲದಲ್ಲಿ ಕೆಲಸ ಮಾಡುವ ನೀನು ತುಂಬುತೋಳಿನ ಅಂಗಿ, ಅಗಲವಾದ ಟೋಪಿ ಬಿಡುವಂತಿಲ್ಲ. ಅದನ್ನು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಮಲಗಿದರೆ ಅನ್ನನಾಳದಲ್ಲಿ ಉರಿ ಏಳುತ್ತದೆ. ಮೆಫ್ಲೋಕ್ವಿನ್ ವಾರಕ್ಕೊಂದು ಸಾಕು, ಆದರೆ ಎರಡು ವಾರ ಮುಂಚೆಯೇ ಶುರುಮಾಡಬೇಕು. ಕೆಲವರಿಗೆ ಅದರಿಂದ ನಿದ್ದೆ ಕೆಟ್ಟು ಮನಸ್ಸು ಕದಡುವುದುಂಟು, ಹಾಗೇನಾದರೂ ಕಂಡರೆ ಮುಚ್ಚಿಡದೆ ವೈದ್ಯರಿಗೆ ತಿಳಿಸು. ಈ ಎರಡರಲ್ಲಿ ಯಾವುದಾದರೂ ಸರಿ, ಊರಿಗೆ ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಲೇಬೇಕು. ಈ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ, ಕಾರಣ ಕೇಳು.

ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ, ಆಫ್ರಿಕಾದಲ್ಲಿ ಗುತ್ತಿಗೆ ಕೆಲಸ ಮಾಡಿ ಬಂದ ನಮ್ಮ ಪಕ್ಕದ ಹಳ್ಳಿಯ ಹುಡುಗನೊಬ್ಬನಿಗೆ, ಮನೆ ಸೇರಿದ ಹದಿನೆಂಟನೆಯ ದಿನ ಜ್ವರ ಬಂದಿತು. ವಿಮಾನ ಹತ್ತಿದ ದಿನವೇ ಅವನು ಮಾತ್ರೆ ನಿಲ್ಲಿಸಿದ್ದ. ದೇಶ ಬಿಟ್ಟ ಮೇಲೆ ಇನ್ನೇಕೆ ಎಂಬುದು ಅವನ ಎಣಿಕೆ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಇರಬಹುದೆಂದು ನಾಲ್ಕು ದಿನ ಗ್ಲೂಕೋಸ್ ಏರಿಸಿದರು. ಎಲ್ಲಿಗೆ ಹೋಗಿದ್ದೆ ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಐದನೆಯ ದಿನ ಕಣ್ಣು ಹಳದಿಯಾದಾಗ ಅವನ ತಾಯಿ ನಮ್ಮ ಮನೆಗೆ ಓಡಿಬಂದರು. ನಾನು ಅವನ ಎಡಗೈಯ ಉಂಗುರಬೆರಳು ಚುಚ್ಚಿ ಗಾಜಿನ ಮೇಲೆ ಲೇಪನ ಮಾಡಿ, ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ, ಅಂಚಿಗೆ ಕೆಂಪು ಹರಳು ಕೂರಿಸಿದ ಎಳೆ ಉಂಗುರಗಳಂತೆ ಮಲೇರಿಯಾದ ಪರೋಪಜೀವಿಗಳು ರಕ್ತದ ಕಣಕಣದಲ್ಲೂ ಕುಳಿತಿದ್ದವು. ಕೆಲವು ರಕ್ತಕಣಗಳಲ್ಲಿ ಎರಡೆರಡು. ಅಂದೇ ರಾತ್ರಿ ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದೆವು, ಒಂಬತ್ತು ದಿನ ಮಲಗಿ ಎದ್ದುಬಂದ. ಸೊಳ್ಳೆ ಕಚ್ಚಿದ ಮೇಲೆ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿದ್ದು, ಆಮೇಲಷ್ಟೇ ರಕ್ತಕ್ಕೆ ಇಳಿಯುತ್ತದೆ; ಹಾಗೆ ಇಳಿದದ್ದನ್ನು ರಕ್ತದಲ್ಲಿ ಕೊಲ್ಲಲೆಂದೇ ಆ ನಾಲ್ಕು ವಾರದ ಮಾತ್ರೆ. ನೀನು ಮರಳಿದ ಮೇಲೆ ಒಂದು ವರ್ಷದೊಳಗೆ ಎಂಥ ಸಣ್ಣ ಜ್ವರ ಬಂದರೂ, ವೈದ್ಯರ ಮುಂದೆ ಕುಳಿತ ಕೂಡಲೇ “ನಾನು ಉಗಾಂಡದಲ್ಲಿದ್ದೆ, ಮಲೇರಿಯಾ ಪರೀಕ್ಷೆ ಮಾಡಿ” ಎಂದು ಹೇಳಬೇಕು. ಅವರು ಕೇಳಲಿ ಎಂದು ಕಾಯಬೇಡ. ಅಲ್ಲಿರುವಾಗ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ.

ನೀರಿನ ವಿಷಯದಲ್ಲಿ ನಿನಗೆ ಹೇಳುವುದು ಕಷ್ಟ, ಏಕೆಂದರೆ ನೀನು ನಾಲೆಯಲ್ಲಿ ಈಜು ಕಲಿತ ಹುಡುಗಿ. ಜಿಂಜಾದಲ್ಲಿ ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುತ್ತದೆ, ನೋಡಿದರೆ ಇಳಿಯಬೇಕೆನಿಸುತ್ತದೆ. ಇಳಿಯಬೇಡ. ಆ ಸರೋವರದ ದಡದ ಬಸವನಹುಳುಗಳಿಂದ ಹೊರಬೀಳುವ, ಕಣ್ಣಿಗೆ ಕಾಣದ ಮರಿಹುಳುಗಳು ನೀರಿನಲ್ಲಿ ನಿಂತವರ ಚರ್ಮವನ್ನೇ ಕೊರೆದುಕೊಂಡು ಒಳಹೋಗುತ್ತವೆ. ಬಿಲ್‌ಹಾರ್ಜಿಯ ಎಂಬ ಈ ರೋಗ ನಮ್ಮ ನಾಲೆಗಳಲ್ಲಿಲ್ಲದ ಕಾರಣ ನಮಗೆ ಅದರ ಭಯವೇ ತಿಳಿದಿಲ್ಲ. ಕೆಲಸದ ಅನಿವಾರ್ಯಕ್ಕೆ ಕೆರೆಕಾಲುವೆಗೆ ಕಾಲಿಡಬೇಕಾಗಿ ಬಂದರೆ ಮೊಣಕಾಲುದ್ದದ ಗಮ್‌ಬೂಟು ಹಾಕಿಕೊ, ಊರಿಗೆ ಬಂದ ಮೇಲೆ ಪರೀಕ್ಷೆ ಮಾಡಿಸೋಣ. ಅಂಗಳದಲ್ಲಿ ಬರಿಗಾಲಿನಲ್ಲಿ ಓಡಾಡುವುದೂ ಬೇಡ. ಮಣ್ಣಿನಲ್ಲಿರುವ ಒಂದು ಬಗೆಯ ಚಿಗಟ ಕಾಲ್ಬೆರಳ ಉಗುರಿನ ಬದಿಗೆ ಹೊಕ್ಕು ಗೂಡುಕಟ್ಟುತ್ತದೆ.

ಒಗೆದ ಬಟ್ಟೆಯ ಬಗ್ಗೆಯೂ ಹೇಳಬೇಕು, ಇದು ನಮ್ಮವರಿಗೆ ಕೇಳಿಯೇ ಗೊತ್ತಿಲ್ಲದ ಸಂಗತಿ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಅಲ್ಲಿಯ ಒಂದು ನೊಣ ಮೊಟ್ಟೆಯಿಡುತ್ತದೆ. ಆ ಬಟ್ಟೆ ತೊಟ್ಟರೆ ಮರಿಹುಳು ಚರ್ಮದೊಳಗೆ ಸೇರಿ ಕುರುವಿನಂತೆ ಏಳುತ್ತದೆ. ಉಪಾಯ ಸುಲಭ: ಒಳಉಡುಪು, ಟವೆಲ್ಲು, ದಿಂಬಿನ ಚೀಲ ಸೇರಿದಂತೆ ಎಲ್ಲವನ್ನೂ, ಹೊಲಿಗೆಯ ಮಡಿಕೆಗಳನ್ನು ಬಿಡದೆ, ಎರಡೂ ಬದಿ ಬಿಸಿ ಇಸ್ತ್ರಿ ಮಾಡಿ ತೊಡುವುದು. ಚಿಕ್ಕದೊಂದು ಇಸ್ತ್ರಿಪೆಟ್ಟಿಗೆ ತೆಗೆದಿಟ್ಟಿದ್ದೇನೆ. ಅಲ್ಲಿಯ ವಿದ್ಯುತ್ತು ಹೆಚ್ಚುಕಡಿಮೆ ನಮ್ಮಂತೆಯೇ, 240 ವೋಲ್ಟು, ಪ್ಲಗ್ಗಿನ ಮುಳ್ಳುಗಳು ಮಾತ್ರ ಮೂರು ಚಪ್ಪಟೆ ಪಟ್ಟಿಗಳು; ಎರಡು ಅಡಾಪ್ಟರ್ ಸಾಕು.

ಆಫ್ರಿಕಾ ಎಂದೊಡನೆ ಇಲ್ಲಿಯ ಬಂಧುಗಳೆಲ್ಲ ಸುಡುಬಿಸಿಲಿನ ಮಾತನ್ನೇ ಆಡುತ್ತಿದ್ದಾರೆ. ಜಿಂಜಾ ನಮ್ಮ ಚಾಮುಂಡಿ ಬೆಟ್ಟದ ತುದಿಗಿಂತಲೂ ಎತ್ತರದಲ್ಲಿದೆ, ಆದ್ದರಿಂದ ರಾತ್ರಿ ತಂಪಾಗಿಯೇ ಇರುತ್ತದೆ. ಒಂದು ತೆಳು ಸ್ವೆಟರ್ ಇರಲಿ. ಆದರೆ ಸಮಭಾಜಕದ ಪಕ್ಕದ ಊರಾದ್ದರಿಂದ ತಂಪು ಗಾಳಿಯಿದ್ದರೂ ಬಿಸಿಲು ನೆತ್ತಿಗೇ ಬೀಳುತ್ತದೆ. ನೀನು ಇರುವ ತಿಂಗಳುಗಳು ಅಲ್ಲಿಯ ಎರಡನೆಯ ಮಳೆಗಾಲ. ಗುಡುಗು ಕೇಳಿಸಿದ ಕೂಡಲೇ ಕಬ್ಬಿನ ಗದ್ದೆ ಬಿಟ್ಟು ಕಟ್ಟಡದೊಳಕ್ಕೆ ಹೋಗು.

ಊಟದ ಬಗ್ಗೆ ಅಮ್ಮನಿಗಿರುವಷ್ಟು ಚಿಂತೆ ನನಗಿಲ್ಲ. ರಾಗಿ ಹಿಟ್ಟು ಹತ್ತು ಕಿಲೋ ಕಟ್ಟಿಕೊಡುತ್ತೇನೆಂದು ಅವಳು ಹಟ ಹಿಡಿದಿದ್ದಾಳೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದ ಧಾನ್ಯ ಅದು. ಉಗಾಂಡದವರು ರಾಗಿ ಹಿಟ್ಟಿನಿಂದ ಕಾಲೊ ಎಂಬ ಮುದ್ದೆಯನ್ನು ತೊಳಸಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಬಾಳೆಕಾಯಿ ಬೇಯಿಸಿ ಹಿಸುಕಿದ ಮಾಟೊಕೆ, ಅವರೆಯಂಥ ಕಾಳಿನ ಸಾರು, ಕಡಲೆಕಾಯಿಯ ಗೊಜ್ಜು ಎಲ್ಲವೂ ದೊರೆಯುತ್ತವೆ. ಬಿಸಿಯಾಗಿ ಬಡಿಸಿದ್ದನ್ನು ಧೈರ್ಯವಾಗಿ ಉಣ್ಣು. ಹಸಿ ತರಕಾರಿ, ಕತ್ತರಿಸಿಟ್ಟ ಹಣ್ಣು ಬೇಡ, ನೀರು ಕುದಿಸಿ ಆರಿಸಿದ್ದೇ ಆಗಬೇಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಅದು ಮುಗಿದಿದ್ದರೆ ಒಂದು ಲೀಟರು ನೀರಿಗೆ ತಲೆತಟ್ಟಿದ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಹೊತ್ತೀತೆಂಬ ಕಾರಣಕ್ಕೆ. ಆದ್ದರಿಂದ ಅಮ್ಮ ಕಡಲೆಕಾಯಿ ಚಟ್ನಿಪುಡಿಗೆ ಒಪ್ಪಿದ್ದಾಳೆ. ಕಬ್ಬಿನ ತುಂಡು, ಬೀಜ, ಮಣ್ಣು ಯಾವುದನ್ನೂ ಅನುಮತಿಪತ್ರವಿಲ್ಲದೆ ಇಲ್ಲಿಂದ ಅಲ್ಲಿಗಾಗಲಿ, ಅಲ್ಲಿಂದ ಇಲ್ಲಿಗಾಗಲಿ ಸಾಗಿಸಬೇಡ. ಬೆಳೆರೋಗ ಹಾಗೆಯೇ ದೇಶ ದಾಟುತ್ತದೆಂದು ನನಗಿಂತ ಚೆನ್ನಾಗಿ ನಿನಗೇ ಗೊತ್ತು.

ಮಾತ್ರೆಗಳು ಅವುಗಳ ಮೂಲ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ. ಅಲ್ಲಿಯ ರಾಜಧಾನಿ ಕಂಪಾಲದಲ್ಲಿರುವ ಭಾರತದ ಹೈಕಮಿಷನ್ನಿನ ಫೋನ್ ಸಂಖ್ಯೆಯನ್ನು ಕಾಗದದ ಮೇಲೂ ಬರೆದುಕೊ. ವಿಮಾನ ನಿಲ್ದಾಣವಿರುವ ಎಂಟೆಬೆಯಲ್ಲಿ ರಾತ್ರಿ ಇಳಿಯುವುದಾದರೆ ಅಲ್ಲಿಯೇ ತಂಗಿ ಬೆಳಗಾದ ಮೇಲೆ ಜಿಂಜಾ ದಾರಿ ಹಿಡಿ. ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳನ್ನು ಹೆಲ್ಮೆಟ್ ಇಲ್ಲದೆ ಹತ್ತಬೇಡ. ಹೊತ್ತು ಹೇಳುವ ರೀತಿಯನ್ನೂ ತಿಳಿದಿರು: ನಮ್ಮ ಪಂಚಾಂಗದ ಗಳಿಗೆಯಂತೆ ಅಲ್ಲಿಯ ಜನ ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ತೋಟದವರು ಎರಡು ಗಂಟೆಗೆ ಬಾ ಎಂದರೆ ಯಾವ ಎರಡು ಎಂದು ಕೇಳಿಕೊ. ಗಡಿಯಾರದಲ್ಲಿ ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿ ಎಂಟಕ್ಕೆ ನಾನು ಫೋನ್ ಮಾಡಿದರೆ ನಿನಗೆ ಸಂಜೆ ಐದೂವರೆ, ಪರದೆ ಇಳಿಸಲು ಇನ್ನೂ ಹೊತ್ತಿರುತ್ತದೆ.

ಲಸಿಕೆಗೆ ದಿನ ಗೊತ್ತಾದ ಕೂಡಲೇ ತಿಳಿಸು. ಅಂದು ಬೆಳಗಿನ ರೈಲಿಗೆ ನಾನೂ ಬೆಂಗಳೂರಿಗೆ ಬರುತ್ತೇನೆ, ಪರದೆಯನ್ನು ಬ್ಯಾಗಿನಲ್ಲಿ ತರುತ್ತೇನೆ. ನಿನ್ನ ಹಾಸ್ಟೆಲ್ಲಿನ ಮಂಚಕ್ಕೆ ಅದನ್ನು ಒಮ್ಮೆ ನೀನೇ ಕಟ್ಟಿ ತೋರಿಸು.

ಇಂತಿ,
ನಿನ್ನ ಅಪ್ಪ