ತನ್ನ ವಿರುದ್ಧ ತಾನೇ ವಾದಿಸಿದವನು: ಮಗಳಿಗೊಂದು ಪತ್ರ

ಪುಟ್ಟೀ,

ಅಮೆರಿಕದ ಎಡ್ಗರ್ ಅಲನ್ ಪೋ ಬರೆದ 'ದಿ ಟೆಲ್-ಟೇಲ್ ಹಾರ್ಟ್' ಓದಿದೆ ಅಂತ ಮೆಸೇಜ್ ಮಾಡಿದ್ದೀಯ. ಒಬ್ಬ ಮುದುಕನನ್ನು ಕೊಂದವನು ಅದನ್ನು ತಾನೇ ಹೇಳಿಕೊಳ್ಳುವ ಕಥೆ. "ಅವನಿಗೆ ನಿಜವಾಗಿ ಹುಚ್ಚಾ, ನಾಟಕವಾ? ವಕೀಲೆಯಾಗಿ ಹೇಳಮ್ಮ" ಅಂತ ಬೇರೆ ಕೇಳಿದ್ದೀಯ. ಫೋನಿನಲ್ಲಿ ಮುಗಿಯುವ ಮಾತಲ್ಲ ಇದು.

ಅವನು ನನ್ನ ಕಕ್ಷಿದಾರನಾಗಿದ್ದರೆ ಮೊದಲು ಅವನ ಬಾಯಿ ಮುಚ್ಚಿಸುತ್ತಿದ್ದೆ. ಕೊಲೆ ಕೇಸಿನಲ್ಲಿ ಆರೋಪಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಯಾರಾದರೂ ಅಂದರೆ ಅದು ಜೀವ ಉಳಿಸುವ ಮಾತು. ಇವನೋ ಮೊದಲ ಸಾಲಿನಿಂದಲೇ ಅದನ್ನು ಅಲ್ಲಗಳೆಯುತ್ತಾನೆ. ಮನಸ್ಸು ಕಳವಳಗೊಂಡಿದ್ದು ನಿಜ, ಆದರೆ ಹುಚ್ಚು ಅಂತ ಯಾಕೆ ಅಂತೀರಿ ಅಂತ ಜಗಳಕ್ಕೇ ನಿಲ್ಲುತ್ತಾನೆ. ಅದಕ್ಕೆ ಕೊಡುವ ಪುರಾವೆ ನೋಡು. ಏಳು ರಾತ್ರಿ ಮುದುಕನ ಕೋಣೆಗೆ ಹೋದೆ, ಬಾಗಿಲ ಸಂದಿಯಲ್ಲಿ ತಲೆ ತೂರಿಸಲಿಕ್ಕೇ ಒಂದು ಗಂಟೆ ತಗೊಂಡೆ, ಲಾಂದ್ರದಿಂದ ಒಂದೇ ಒಂದು ಎಳೆ ಬೆಳಕು ಬಿಟ್ಟೆ, ಹುಚ್ಚರಿಗೆ ಇಷ್ಟು ಜಾಣತನ ಇರುತ್ತಾ? ಸರ್ಕಾರಿ ವಕೀಲರು ಬೆವರು ಸುರಿಸಿ ಸಾಬೀತು ಮಾಡಬೇಕಾದದ್ದನ್ನು ಆರೋಪಿಯೇ ಹೆಮ್ಮೆಯಿಂದ ತಂದೊಪ್ಪಿಸುತ್ತಾನೆ.

ಕಥೆ ಅಚ್ಚಾದದ್ದು 1843ರ ಜನವರಿಯಲ್ಲಿ, ಬಾಸ್ಟನ್‌ನ 'ದಿ ಪಯೋನಿಯರ್' ಪತ್ರಿಕೆಯಲ್ಲಿ. ಅದೇ ಜನವರಿಯಲ್ಲಿ ಲಂಡನ್‌ನಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬವನು ಪ್ರಧಾನಿಯ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹಾರಿಸಿದ. ಆಗ ಆಳುತ್ತಿದ್ದ ಟೋರಿ ಪಕ್ಷದವರು ತನ್ನ ಬೆನ್ನು ಹತ್ತಿದ್ದಾರೆ ಎಂಬ ಭ್ರಮೆ ಅವನಿಗೆ. ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ಜೂರಿ ಅವನನ್ನು ತಪ್ಪಿತಸ್ಥನಲ್ಲ ಅಂದಿತು. ನೇಣಿನ ಬದಲು ಬೆತ್ಲೆಮ್ ಎಂಬ ಹುಚ್ಚಾಸ್ಪತ್ರೆ ಸೇರಿದ. ಊರೆಲ್ಲ ಸಿಟ್ಟಿಗೆದ್ದಿತು. ಆಮೇಲೆ ಅಲ್ಲಿನ ನ್ಯಾಯಾಧೀಶರು ಒಂದು ನಿಯಮ ಹೇಳಿದರು: ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತಿತ್ತಾ? ಅದು ತಪ್ಪು ಅಂತ ಗೊತ್ತಿತ್ತಾ? ಆ ಪ್ರಶ್ನೆಗಳೇ 1860ರಲ್ಲಿ ನಮ್ಮ ದಂಡ ಸಂಹಿತೆಯ 84ನೇ ಕಲಂ ಆದವು. ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಇವತ್ತಿಗೂ ನಾವು ಕೋರ್ಟಿನಲ್ಲಿ ಎಳೆದಾಡುವುದು ಅದನ್ನೇ.

ಆ ಅಳತೆಯಲ್ಲಿ ನಮ್ಮ ಕಥೆಯವನು ಸೋಲುತ್ತಾನೆ, ಪುಟ್ಟೀ. ಹೆಣ ತುಂಡು ಮಾಡಿ, ನೆಲದ ಮೂರು ಹಲಗೆ ಕಿತ್ತು, ಕೆಳಗೆ ಬಚ್ಚಿಟ್ಟು, ಒಂದು ಹನಿ ರಕ್ತದ ಕಲೆಯೂ ಉಳಿಯದಂತೆ ನೋಡಿಕೊಂಡಿದ್ದಾನೆ. ತಪ್ಪು ಅಂತ ಗೊತ್ತಿಲ್ಲದವನು ಬಚ್ಚಿಡುವುದು ಯಾಕೆ? ಕೊಲೆಗೆ ಮುಂಚೆ, ಕೊಲೆಯ ಹೊತ್ತಿನಲ್ಲಿ, ಆಮೇಲೆ ಹೇಗೆ ನಡೆದುಕೊಂಡ ಅಂತ ನಮ್ಮ ನ್ಯಾಯಾಲಯಗಳೂ ನೋಡುತ್ತವೆ.

ಆದರೆ ಪೋ ಸುಮ್ನೆ ಬಿಡುವ ಆಸಾಮಿಯಲ್ಲ. 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಮಗಳನ್ನೇ ಕೊಂದ ಜೇಮ್ಸ್ ವುಡ್ ಎಂಬವನ ವಿಚಾರಣೆ ನಡೆಯಿತು. ಪಿಸ್ತೂಲು ಕೊಳ್ಳುವಾಗ ಅವನು ತಣ್ಣಗಿದ್ದ ಅನ್ನುವುದು ಅವನ ವಿರುದ್ಧದ ಸಾಕ್ಷಿ. ಆ ತಣ್ಣಗಿನ ನಡತೆಯೇ ಹುಚ್ಚಿನ ಗುರುತಿರಬಹುದಲ್ಲ ಅಂತ ಪೋ ಒಂದು ವಾರಪತ್ರಿಕೆಯಲ್ಲಿ ಬರೆದ. ಈಗ ಕಥೆಗೆ ಬಾ. ದುಡ್ಡಿನ ಆಸೆ ಇಲ್ಲ, ಹಗೆ ಇಲ್ಲ, ಮುದುಕನ ಮೇಲೆ ಪ್ರೀತಿ ಇತ್ತು ಅಂತ ಅವನೇ ಹೇಳುತ್ತಾನೆ. ಕಾರಣ ಆ ಪೊರೆ ಬಂದ ತಿಳಿನೀಲಿ ಕಣ್ಣು, ರಣಹದ್ದಿನ ಕಣ್ಣಿನಂಥದ್ದು. ಅಷ್ಟೇ. ಸಂಚು ಅಷ್ಟು ಅಚ್ಚುಕಟ್ಟು, ಕಾರಣ ಇಷ್ಟು ಪೊಳ್ಳು. ಹೀಗಿರುವಾಗ ಡಾಕ್ಟರನ್ನು ಕರೆಸದೆ ಯಾವ ವಕೀಲರೂ ಮುಂದೆ ಹೋಗಲಾರರು.

(ಇಲ್ಲೊಂದು ಮಾತು. ಮಾನಸಿಕ ಕಾಯಿಲೆ ಅಂದರೆ ಕೊಲೆ ಅಂತ ಇಂಥ ಕಥೆ ಓದಿದವರು ಅಂದುಕೊಳ್ಳುತ್ತಾರೆ. ನಾನು ಕೋರ್ಟಿನಲ್ಲಿ ಕಂಡ ಅಂಥ ಕಾಯಿಲೆಯವರಲ್ಲಿ ಹೊಡೆದವರಿಗಿಂತ ಹೊಡೆತ ತಿಂದವರೇ ಜಾಸ್ತಿ.)

ನನ್ನನ್ನು ಹೆಚ್ಚು ಕಾಡಿದ್ದು ಕೊಲೆಯಲ್ಲ, ಅದಕ್ಕೂ ಸ್ವಲ್ಪ ಮುಂಚಿನ ಜಾಗ. ಎಂಟನೇ ರಾತ್ರಿ ಮುದುಕ ಎಚ್ಚರಗೊಂಡು "ಯಾರದು?" ಅಂತಾನೆ. ಇಬ್ಬರೂ ಕತ್ತಲಲ್ಲಿ ಅಲ್ಲಾಡದೆ ಕಾಯುತ್ತಾರೆ. ಆಮೇಲೆ ಮುದುಕ ಸಣ್ಣಗೆ ನರಳುತ್ತಾನೆ. ಆ ನರಳಿಕೆ ನನಗೆ ಗೊತ್ತು ಅಂತಾನೆ ಇವನು. ಎಷ್ಟೋ ನಡುರಾತ್ರಿ, ಊರೆಲ್ಲ ಮಲಗಿರುವಾಗ, ನನ್ನ ಎದೆಯಿಂದಲೇ ಅದು ಎದ್ದು ಬಂದಿದೆ ಅಂತಾನೆ. ಮುದುಕನಿಗಾಗಿ ಮರುಗುತ್ತಾನೆ, ಒಳಗೊಳಗೇ ನಗುತ್ತಾನೆ. ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಎದುರಿನವನ ಭಯ ಇಷ್ಟು ಚೆನ್ನಾಗಿ ಗೊತ್ತಿದ್ದೂ ಕೈ ನಿಲ್ಲಲಿಲ್ಲ ಅಲ್ವಾ?

ಕೊನೆಗೆ, ಪೊಲೀಸರ ಮುಂದೆ ಅವನು ತಪ್ಪೊಪ್ಪಿಕೊಳ್ಳುವಂತೆ ಮಾಡಿದ ಸದ್ದಿನ ವಿಷಯ. ಪಾಪಪ್ರಜ್ಞೆಯೇ ಅವನಿಂದ ನಿಜ ಹೇಳಿಸಿತು ಅಂತ ನಿಮ್ಮ ಮೇಷ್ಟ್ರು ಹೇಳಿರುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಕೊಂದ ಮೇಲೆ ಅವನ ಬಾಯಲ್ಲಿ 'ಅಯ್ಯೋ' ಅನ್ನುವ ಒಂದು ಮಾತಿಲ್ಲ. ಮೂವರು ಪೊಲೀಸರು ಬಂದರೆ ಹೆಣದ ಮೇಲೇ ಕುರ್ಚಿ ಹಾಕಿ ಕೂರುತ್ತಾನೆ, ಅಷ್ಟು ಜಂಬ. ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದು ಮತ್ತೆ ಶುರುವಾಗುತ್ತದೆ. ಕೊಲೆಗೆ ಮುಂಚೆ ಕೇಳಿದ್ದೂ ಅದೇ ಸದ್ದು, ಅದು ಮುದುಕನ ಎದೆಬಡಿತ ಅಂತ ಅವನ ನಂಬಿಕೆ. ಎರಡು ಸಲವೂ ಬಡಿದದ್ದು ಅವನದೇ ಎದೆ ಅಂತ ನನ್ನ ಲೆಕ್ಕ. ಅವನಿಗೆ ತಡೆಯಲಾಗದ್ದು ಸದ್ದೂ ಅಲ್ಲ. ಪೊಲೀಸರಿಗೆ ಎಲ್ಲ ಗೊತ್ತಿದೆ, ಗೊತ್ತಿಲ್ಲದವರಂತೆ ನಟಿಸಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅನ್ನುವ ಅನುಮಾನ. ಅದಕ್ಕೇ ತಪ್ಪೊಪ್ಪಿಗೆ ಶುರುವಾಗುವುದು ಪೊಲೀಸರನ್ನು ಬೈಯುವುದರಿಂದ. ಪಶ್ಚಾತ್ತಾಪಪಟ್ಟವರು ಹಾಗೆ ಬೈಯುವುದನ್ನು ನಾನು ಕಂಡಿಲ್ಲ.

ಇನ್ನೊಂದು ಉಳಿಯಿತು. ಅವನು ಇದನ್ನೆಲ್ಲ ಹೇಳುತ್ತಿರುವುದು ಯಾರಿಗೆ? ಪೋ ಬಾಯಿ ಬಿಟ್ಟಿಲ್ಲ. ನನಗೆ ಜೈಲಿನ ಡಾಕ್ಟರು ಅನ್ನಿಸುತ್ತದೆ, ಹುಚ್ಚು ಹೌದೋ ಅಲ್ಲವೋ ಅಂತ ಬರೆದುಕೊಡುವ ಕೆಲಸ ಅವರದ್ದಲ್ವಾ. ಅಪ್ಪ ಮಾತ್ರ ಓದುಗರಿಗೇ ಅಂತ ಪಟ್ಟು ಹಿಡಿದಿದ್ದಾರೆ. ಹಾಗಾದರೆ ಮೊದಲ ಸಾಲಿಗೂ ಮುಂಚೆ ಅವನನ್ನು ಹುಚ್ಚ ಅಂದವರು ನಾವೇ ಆಗಬೇಕು. ನೀನು ಯಾರ ಕಡೆ ಅಂತ ಬರಿ.

ಇಂತಿ,
ಅಮ್ಮ