ಅಲ್ಲಿ ಡಿವೋರ್ಸ್ ಆಗಿದೆ, ಇಲ್ಲಿ ಇನ್ನೂ ಹೆಂಡತಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ರಸ್ತೆ, ರೈಲ್ವೆ ಗೇಟು, ಕುಡಿಯುವ ನೀರು ಇವು ಬಿಟ್ಟು ಬೇರೆ ವಿಷಯಕ್ಕೆ ನಿಮಗೆ ಪತ್ರ ಬರೆಯುವವರು ಕಡಿಮೆ ಇರಬಹುದು. ನನ್ನದು ಅಕ್ಕನ ಮಗಳ ವಿಷಯ. ಅವಳನ್ನು ಹಸೆಮಣೆಗೆ ಕರೆತಂದ ಸೋದರಮಾವ ನಾನೇ. ಹಾಗಾಗಿ ಸುಮ್ನೆ ಕೂರಲು ಆಗುತ್ತಿಲ್ಲ.

ಮದುವೆ ಅರಸೀಕೆರೆಯ ಛತ್ರವೊಂದರಲ್ಲಿ ಆಯಿತು. ಹುಡುಗನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ. ಮೂರು ವರ್ಷ ಜೊತೆಗಿದ್ದರು, ಹೊಂದಲಿಲ್ಲ, ಅವಳು ವಾಪಸ್ ಬಂದಳು. ಯಾರ ತಪ್ಪು ಅನ್ನುವ ಮಾತು ಇಲ್ಲಿ ಬೇಡ. ಮುಂದಿನ ವರ್ಷ, ಅವನು ಡಿವೋರ್ಸ್ ಕೇಳಿದ್ದಾನೆ ಎಂದು ಅಲ್ಲಿನ ಕೋರ್ಟಿನ ಕಾಗದ ಬಂತು. ಆ ರಾಜ್ಯದಲ್ಲಿ ಆರು ತಿಂಗಳು ವಾಸವಿದ್ದವರು ಒಬ್ಬರೇ ಅರ್ಜಿ ಹಾಕಬಹುದಂತೆ. ಸರಿಪಡಿಸಲಾಗದ ಮನಸ್ತಾಪ ಇದೆ ಎಂದರೆ ಅಷ್ಟೇ ಕಾರಣ ಸಾಕು.

ಒಬ್ಬ ವಕೀಲರು ಹೇಳಿದರು: ಉತ್ತರ ಕೊಡಬೇಡಿ, ಕೊಟ್ಟರೆ ಆ ಕೋರ್ಟಿನ ಅಧಿಕಾರ ಒಪ್ಪಿಕೊಂಡಂತೆ. ಇನ್ನೊಬ್ಬರು ಹೇಳಿದರು: ಕೊಡದೇ ಇದ್ದರೆ ಅವನು ಕೇಳಿದ್ದೇ ಆಗುತ್ತದೆ. ತಮಾಷೆ ಅಂದರೆ ಇಬ್ಬರೂ ಹೇಳಿದ್ದು ಸರಿ. ಅಲ್ಲಿ ವಕೀಲರನ್ನು ಇಡಬೇಕೆಂದರೆ ಡಾಲರ್ ಬೇಕು. ನಮ್ಮ ಅಕ್ಕನ ಮನೆಯಲ್ಲಿರುವುದು ತೆಂಗಿನ ತೋಟ. ಇವಳು ಹೋಗಲಿಲ್ಲ, ಡಿಕ್ರಿ (ಡಿವೋರ್ಸ್ ಕೊಟ್ಟ ಕೋರ್ಟಿನ ಆದೇಶ) ಆಯಿತು, ಅವನು ಅಲ್ಲೇ ಇನ್ನೊಂದು ಮದುವೆಯಾದ.

ಇಲ್ಲಿ ಇವಳಿನ್ನೂ ಅವನ ಹೆಂಡತಿ.

ನೀವು ಕಾನೂನು ಬಲ್ಲವರು, ಆದರೂ ಓದುವ ಉಳಿದವರಿಗಾಗಿ ಹೇಳುತ್ತೇನೆ. ಹೊರದೇಶದ ತೀರ್ಪನ್ನು ಯಾವಾಗ ಒಪ್ಪಬಾರದು ಎನ್ನುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್‌ನಲ್ಲಿದೆ. ಅದು 1908ರ ಕಾನೂನು. ಮದುವೆಗೆಂದೇ ಬರೆದದ್ದಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದವರು, ಗಂಡ ಅಮೆರಿಕದ ಮಿಸೌರಿಯಲ್ಲಿ ಡಿವೋರ್ಸ್ ತಂದು ಯಾದಗಿರಿಗುಟ್ಟದಲ್ಲಿ ಮತ್ತೆ ಮದುವೆಯಾಗಿದ್ದ. ಆ ಡಿವೋರ್ಸ್ ನಡೆಯುವುದಿಲ್ಲ ಎಂದಿತು ಕೋರ್ಟು. ಯಾವ ಕಾನೂನಿನಡಿ ಮದುವೆಯಾದರೋ ಅದೇ ಕಾನೂನಿನ ಕಾರಣ ಇರಬೇಕು, ಇಲ್ಲವೇ ಇನ್ನೊಬ್ಬರು ಒಪ್ಪಿರಬೇಕು ಎಂದಿತು. ಸುಮ್ಮನೆ ಸಮನ್ಸ್ ತಲುಪಿದರೆ ಸಾಲದು. 'ಹೊಂದಾಣಿಕೆ ಇಲ್ಲ' ಎನ್ನುವ ಕಾರಣ ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲವೇ ಇಲ್ಲ.

ಆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಬಿಟ್ಟುಹೋದ ಗಂಡಂದಿರಿಂದ ಹೆಣ್ಣುಮಕ್ಕಳನ್ನು ಕಾಪಾಡಿದ ತೀರ್ಪು ಅದು. ಆದರೆ ಕಳ್ಳ ಬರದಿರಲಿ ಎಂದು ಹಾಕಿದ ಅಗಳಿ ಒಳಗಿರುವವಳಿಗೂ ತೆಗೆಯಲು ಬರುತ್ತಿಲ್ಲ. ಇವಳು ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಇದೆ, ಏಳು ವರ್ಷದವರೆಗೆ ಜೈಲು. ಕಳೆದ ಯುಗಾದಿ ಹೊತ್ತಿಗೆ ಒಳ್ಳೆಯ ಸಂಬಂಧವೊಂದು ಬಂದಿತ್ತು. ಕಾಗದ ಕೇಳಿದರು, ಕ್ಯಾಲಿಫೋರ್ನಿಯಾದ್ದು ತೋರಿಸಿದೆವು. 'ಇಲ್ಲಿನದು ಆಗಲಿ, ಆಮೇಲೆ ನೋಡೋಣ' ಎಂದು ಎದ್ದರು. ಅವರನ್ನು ದೂರಲಾರೆ, ನಾನಾದರೂ ಹಾಗೇ ಹೇಳುತ್ತಿದ್ದೆ.

ಅವಳೇ ಆ ಡಿಕ್ರಿಯನ್ನು ಒಪ್ಪಿಕೊಂಡರೆ ಮುಗಿಯಲಿಲ್ವಾ ಎಂದು ವಕೀಲರನ್ನು ಕೇಳಿದೆ. ಮುಗಿಯಬಹುದು, ಆದರೆ ಹಾಗಂತ ಇಲ್ಲಿನ ಕೋರ್ಟಿನಿಂದ ಬರೆಸಿಕೊಳ್ಳಬೇಕು ಎಂದರು. ಈಗ ಅವಳೇ ಇಲ್ಲಿ ಅರ್ಜಿ ಹಾಕಿದ್ದಾಳೆ. ಸಮನ್ಸ್ ಹೇಗ್ ಒಪ್ಪಂದದ (ಒಂದು ದೇಶದ ಕೋರ್ಟಿನ ಕಾಗದವನ್ನು ಇನ್ನೊಂದು ದೇಶದಲ್ಲಿ ತಲುಪಿಸುವ ಅಂತಾರಾಷ್ಟ್ರೀಯ ಒಪ್ಪಂದ) ದಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಅವನು ವಿಳಾಸ ಬದಲಿಸಿದ್ದಾನೆ. ಬರುವ ತುರ್ತು ಅವನಿಗೇನಿದೆ? ಡಿವೋರ್ಸ್‌ಗಳನ್ನು ದೇಶದೇಶಗಳ ನಡುವೆ ಒಪ್ಪಿಕೊಳ್ಳಲು 1970ರದ್ದು ಇನ್ನೊಂದು ಹೇಗ್ ಒಪ್ಪಂದವಿದೆ, ಅದಕ್ಕೆ ಭಾರತ ಸೇರಿಲ್ಲ. ಅಮೆರಿಕವೂ ಸೇರಿಲ್ಲ ಅನ್ನಿ.

ಇದು ಹೊಸ ತಲೆನೋವಲ್ಲ. ಹೊರಗಿನ ವಿಚ್ಛೇದನವನ್ನು ಯಾವಾಗ ಒಪ್ಪಬೇಕು ಎಂದು ಕಾನೂನು ಮಾಡಿ ಅಂತ, ಸರ್ಕಾರಕ್ಕೆ ಸಲಹೆ ಕೊಡುವ ಕಾನೂನು ಆಯೋಗ 1976ರಲ್ಲೇ, ತನ್ನ 65ನೇ ವರದಿಯಲ್ಲಿ ಹೇಳಿತ್ತು. ಇಂಗ್ಲೆಂಡಿನಲ್ಲಿ ಅಂಥ ಕಾನೂನಿದೆ, 1986ರದ್ದು. 1994ರಲ್ಲಿ ಸುಪ್ರೀಂ ಕೋರ್ಟೂ ಅನಿವಾಸಿ ಮದುವೆಗಳಿಗೆ ಕಾನೂನು ಬೇಕು ಎಂದಿತು. 2019ರಲ್ಲಿ ಸುಷ್ಮಾ ಸ್ವರಾಜ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಮದುವೆ ನೋಂದಣಿ ಮತ್ತು ಪಾಸ್‌ಪೋರ್ಟ್ ಕುರಿತದ್ದು. ಒಳ್ಳೆಯದೇ, ಆದರೆ ನಮ್ಮ ಹುಡುಗಿಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಕಾನೂನು ಆಯೋಗದ 287ನೇ ವರದಿ ಅನಿವಾಸಿ ಮದುವೆಗಳಿಗೆ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಎಲ್ಲವೂ ಸೇರಿದ ಒಂದೇ ಕೇಂದ್ರ ಕಾನೂನು ಬೇಕು ಎನ್ನುತ್ತದೆ.

ಬರುವ ಅಧಿವೇಶನದಲ್ಲಿ ಆ ವರದಿ ಎಲ್ಲಿಗೆ ಬಂತು ಎಂದು ಕಾನೂನು ಸಚಿವರನ್ನು ಕೇಳಿ. ಕಾನೂನು ಬರುವುದಾದರೆ ಅದರಲ್ಲಿ ಒಂದು ಸಾಲು ಸೇರಿಸಲು ಹೇಳಿ: ಹೊರದೇಶದಲ್ಲಿ ತನ್ನನ್ನು ಬಿಟ್ಟು ನಡೆದ ಡಿವೋರ್ಸನ್ನು ಹೆಂಡತಿಯೇ ಆಗಲಿ, ಗಂಡನೇ ಆಗಲಿ ಆಮೇಲೆ ಮನಸಾರೆ ಒಪ್ಪಿದರೆ, ಆ ಇನ್ನೊಬ್ಬರಿಗೆ ಸಮನ್ಸ್ ತಲುಪಲು ಕಾಯದೆ ಕೋರ್ಟು ಇಷ್ಟು ದಿನದೊಳಗೆ ದೃಢೀಕರಿಸಬೇಕು. ಜೀವನಾಂಶದ ಹಕ್ಕು ಮಾತ್ರ ಅದರಿಂದ ಕೈತಪ್ಪಬಾರದು.

ಹೋದ ವಾರ ಪಾಸ್‌ಪೋರ್ಟ್ ರಿನ್ಯೂಗೆ ಅರ್ಜಿ ತುಂಬಲು ಕೂತೆವು. ಗಂಡನ ಹೆಸರಿನ ಕಡೆ ಬಂದಾಗ ಅವಳು ನನ್ನ ಮುಖ ನೋಡಿದಳು. ಅರ್ಜಿ ಇನ್ನೂ ಅಲ್ಲೇ ನಿಂತಿದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ